ವಿದ್ಯಾನಗರದಲ್ಲಿ ಕೊಂಡ ಕ್ಯಾಮೆರಾ

ನಲವತ್ತೆರಡು ಸಾವಿರ ಕೊಟ್ಟೆ. ಪ್ಯಾಂಟಿನ ಜೇಬಿಗೆ ಇಳಿಯುವ ದೊಡ್ಡ ಸೆನ್ಸರಿನ ಕ್ಯಾಮೆರಾ ಹೊಸದಾದರೆ ಲಕ್ಷ ದಾಟುತ್ತದೆ. ಬೀದಿಯ ಫೋಟೊಗಳಿಗೆ ಒಬ್ಬರು ಬಳಸಿದ್ದೇ ಸಾಕು. ಹುಬ್ಬಳ್ಳಿಯಲ್ಲಿ ರೈಲಿಳಿದು ವಿದ್ಯಾನಗರಕ್ಕೆ ಹೋದೆ. ತೀರಿಹೋದ ಗಂಡನ ಕ್ಯಾಮೆರಾವನ್ನು ಹೆಂಡತಿ ಮಾರುತ್ತಿದ್ದರು. ಗೋಡೆಯ ಮೇಲೆ ಮಾಲೆ ಹಾಕಿದ್ದ ಗಂಡನ ಫೋಟೊ ಆಧಾರ್ ಕಾರ್ಡಿನಿಂದ ಹಿಗ್ಗಿಸಿದ್ದು, ಮುಖ ಕಲಸಿಹೋಗಿತ್ತು.

"ಅಣ್ಣಾರ, ಅದರಾಗ ಅವರ ಮಾರಿ ಎಲ್ಲೆರ ಐತೇನು ನೋಡ್ರಿ. ಗ್ವಾಡಿ ಮ್ಯಾಲಿಂದು ತಗದು ಅದನ್ನ ಹಾಕ್ತೇನಿ."

ಚೌಕಾಸಿ ಬಿಟ್ಟು ಕೊನೆಯ ಫೋಟೊದವರೆಗೂ ನೋಡಿದೆ. ಹಮಾಲರು, ಹೂ ಮಾರುವವರು, ಬಸ್ಸಿಗೆ ಓಡುವವರು.

"ಇಲ್ಲರಿ ಅಕ್ಕಾರ."

"ಊರ ಮಂದೀದೆಲ್ಲಾ ತಗದ್ರು. ಕೆಡಸ್ತೀ ಅಂತ ನನ್ನ ಕೈಯಾಗ ಒಮ್ಮಿನೂ ಕೊಡ್ಲಿಲ್ಲ," ಎಂದರು.

ಕೊಳ್ಳುವವರು ಲೆನ್ಸಿನೊಳಗೆ ಧೂಳಿದೆಯೇ ನೋಡಿ, ಎರಡನೆಯ ಬ್ಯಾಟರಿ ಕೇಳಿ ಪಡೆಯಿರಿ. ತಂದ ದಿನವೇ ಮನೆಯವರ ಕೈಗೆ ಕೊಟ್ಟು ನಿಮ್ಮದೊಂದು ಫೋಟೊ ತೆಗೆಸಿಕೊಳ್ಳಿ. ಅಲುಗಿ ಬಂದರೂ ಅಳಿಸಬೇಡಿ.