ಬಾವ ಇಳಿಸಿದ ಬೀರು

ನಮ್ಮ ಅಕ್ಕನ ಗಂಡನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಕೆಲಸದಲ್ಲಿ ಹಸು. ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ನಾವಿಬ್ಬರೂ ಕೂಲಿಗಳು. ಕಬ್ಬಿಣದ ಬೀರು ಬೆನ್ನಿಗೆ ಕಟ್ಟಿಕೊಂಡು ಒಬ್ಬನೇ ಮಹಡಿ ಹತ್ತುತ್ತಿದ್ದ. "ಎಲ್ಲಿ ಇಡಲಿ ತಾಯಿ?" ಅಂತ ಕೇಳದೆ ಒಂದು ದಿನವೂ ಇಳಿಸಿದವನಲ್ಲ.

"ಊರು ಬಿಡೋರದ್ದು ಅರ್ಧ ಲಾರಿ, ಬರೋರದ್ದು ಎರಡು ಲಾರಿ. ಊರು ದಪ್ಪ ಆಗ್ತಿದೆಯೋ, ನಾವು ಸಣ್ಣ ಆಗ್ತಿದ್ದೀವೋ?" ಅಂತ ನಗುತ್ತಿದ್ದ.

ಮೊನ್ನೆ ಬೆಳಿಗ್ಗೆ ಅಂಥದ್ದೇ ಎರಡು ಲಾರಿ ಸಾಮಾನು ಇಳಿಸಲು ಹೊರಟೆವು; ಎಲ್ಲಿಗೆಂದು ಡ್ರೈವರಿಗಷ್ಟೇ ಗೊತ್ತು. ಲಾರಿ ನಿಂತದ್ದು ಬಾವನ ಬಾಡಿಗೆ ಮನೆ ಮುಂದೆಯೇ! ಅಕ್ಕ ಬೀದಿಯಲ್ಲಿದ್ದಳು, ಹಣೆಯಿಂದ ರಕ್ತ ಸುರಿಯುತ್ತಿತ್ತು. ದುಪ್ಪಟ್ಟು ಬಾಡಿಗೆ ಕೊಡುವವರು ಸಿಕ್ಕರೆಂದು ಮಾಲೀಕ ಆಳುಗಳನ್ನು ಕರೆಸಿ ಸಾಮಾನೆಲ್ಲ ಮಹಡಿಯಿಂದ ಎಸೆಸಿದ್ದ. ಅಡ್ಡ ಬಂದ ಅಕ್ಕನನ್ನು ಗೋಡೆಗೆ ನೂಕಿದ್ದ. ಅಕ್ಕ-ಬಾವನ ಬೀರು ಚರಂಡಿಯಲ್ಲಿ ಬಾಯಿಬಿಟ್ಟುಕೊಂಡು ಬಿದ್ದಿತ್ತು.

ಬಾವ ಲಾರಿಯಿಂದ ಧುಮುಕಿದ. ಹೊರೆ ಕಟ್ಟುವ ಹಗ್ಗವನ್ನು ಮಾಲೀಕನ ಕುತ್ತಿಗೆಗೆ ಹಾಕಿ ಎಳೆದು, ಮುಖವನ್ನು ಗೇಟಿಗೆ ಚಚ್ಚಿದ. ಎರಡು ಹಲ್ಲು ಉದುರಿದವು. ಆಳುಗಳು ರಾಡಿನಿಂದ ಬಾವನ ತುಟಿ ಸೀಳಿದರು. ಸುಳ್ಳು ಯಾಕೆ, ನಾನೂ ಒಬ್ಬನ ಕೈ ಕಚ್ಚಿದೆ. ಕೊನೆಗೆ ಬೀದಿಯವರು ಬಂದು ಬಿಡಿಸಿದರು.

"ನಮಗೇನೂ ಗೊತ್ತಿರ್ಲಿಲ್ಲಪ್ಪ, ಇದ್ದ ಮನೆ ಬಿಟ್ಟು ಬಂದಾಯ್ತು" ಎಂದು ಲಾರಿಯ ಹಿಂದೆಯೇ ಬಂದಿಳಿದ ಹೊಸ ಬಾಡಿಗೆಯವರ ಮನೆಯಾಕೆ ಅತ್ತಳು.

ಬಾವ ರಕ್ತ ಉಗಿದ. ಅದೇ ಹಗ್ಗದಲ್ಲಿ ಆಕೆಯ ಬೀರು ಬೆನ್ನಿಗೆ ಕಟ್ಟಿಕೊಂಡು ಮಹಡಿ ಹತ್ತಿದ. ನಾನೂ ಹಿಂದೆಯೇ ಹೋದೆ. ಮಲಗುವ ಕೋಣೆಯ ಮೂಲೆಯ ನೆಲದ ಮೇಲೆ ಅಕ್ಕನ ಬೀರಿನ ಕಾಲುಗಳ ನಾಲ್ಕು ತುಕ್ಕಿನ ಕಲೆಗಳಿದ್ದವು.

ಯಾರನ್ನೂ ಕೇಳದೆ, ಸರಿಯಾಗಿ ಅವುಗಳ ಮೇಲೆ ಇಳಿಸಿದ.