ನೀರು ಕಳೆಯುವ ಜೋಗಣ್ಣ

ಕಟ್ಟಬೆಟ್ಟಿನ ಎಲೆ ಶೆಡ್ಡಿನಲ್ಲಿ ಮೂವತ್ತು ವರ್ಷ ಚಹಾ ಎಲೆ ತೂಗಿದ ಜೋಗಣ್ಣನಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ವಸ್ತು: ಒಂದು ಎಲೆ, ಇನ್ನೊಂದು ಎಲೆಗೆ ಅಂಟಿದ ನೀರು. ಮೂಟೆ ತೂಕದ ಯಂತ್ರದ ಮೇಲೆ ಕೂತರೆ ಸಾಕು, ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಮೈಮೇಲೆ ದೇವರು ಬಂದವನಂತೆ "ನೀರಿಗೆ ಮೂರು ಕಿಲೋ ತಳ್ಳು" ಎಂದು ತೂಕದಲ್ಲಿ ಕಳೆಸುತ್ತಿದ್ದ. "ಬೆಳಗಿಂದ ಬಿಸಿಲಣ್ಣಾ!" ಎಂದು ಎಲೆ ಹೊತ್ತು ತಂದ ನಮ್ಮವ್ವ ಜಗಳಕ್ಕೆ ನಿಂತರೆ, "ರಾತ್ರಿಯ ಮಂಜನ್ನ ನಿಮ್ಮಪ್ಪ ಬಂದು ಒರೆಸಿದನಾ, ತಂಗೀ?" ಎಂದು ಕೇಳುತ್ತಿದ್ದ. ಎಲೆ ಮುಗಿದ ಮೇಲೆ ಹಟ್ಟಿಯ ಮಕ್ಕಳಾದ ನಮ್ಮನ್ನೂ ಒಬ್ಬೊಬ್ಬರಾಗಿ ಹತ್ತಿಸಿ, ಒದ್ದೆ ಸ್ವೆಟರಿಗೆ ಕಾಲು ಕಿಲೋ ಕಳೆದೇ ತೂಕ ಕೂಗುತ್ತಿದ್ದ. ಕೊನೆಗೆ ತಾನೂ ಹತ್ತಿ, "ಅರವತ್ತೆಂಟು!" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಹೋದ ವರ್ಷ ಅದು ಎಪ್ಪತ್ತೆರಡಾಯಿತು. ತೋಳು ಸೊರಗಿ ಕಡ್ಡಿಯಾಗಿದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ ಎಂದು ಹೆಂಡತಿ ನಂಜಿ ಗೋಳಾಡಿದರೆ, "ತೂಕ ಏರಿದೆ, ಕಾಯಿಲೆ ಎಲ್ಲಿಂದ ಬಂತು?" ಎಂದು ನಕ್ಕ. ಅವಳು ಬಿಡದೆ ಕರೆದೊಯ್ದಾಗ ಡಾಕ್ಟರು, ಲಿವರ್ ಕೆಟ್ಟಿದೆ, ಮೈಯ ಮಾಂಸ ಕರಗುತ್ತಿದೆ, ಏರಿದ್ದೆಲ್ಲ ಹೊಟ್ಟೆಯಲ್ಲಿ ತುಂಬಿದ ನೀರಿನ ತೂಕ ಎಂದರು. ಮರುದಿನ ಶೆಡ್ಡಿಗೆ ಬಂದು ಯಂತ್ರ ಹತ್ತಿದವನು ಮೊದಲ ಬಾರಿಗೆ ತಾನು ಓದದೆ ಅವ್ವನನ್ನು ಕರೆದ. "ಎಪ್ಪತ್ತೆರಡು" ಎಂದಳು ಅವ್ವ. "ನೀರು ತಳ್ಳಿ ಹೇಳು, ತಂಗೀ" ಎಂದ. ಇಷ್ಟು ವರ್ಷ ಒಂದೊಂದು ಕಿಲೋಗೂ ಅವನೊಡನೆ ಕಾದಾಡಿದ ಅವ್ವ, ಅವನ ಸಣಕಲು ಕೈ ಹಿಡಿದು ಮೆಲ್ಲಗೆ ಇಳಿಸಿಕೊಂಡು, "ಯಾವ ನೀರು? ಬೆಳಗಿಂದ ಬಿಸಿಲಣ್ಣಾ" ಎಂದಳು. ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.