ತಾಟಿನ ಅಂಚು

ನನಗೆ ರಕ್ತದೊತ್ತಡ ಇದೆ ಎಂದು ಗೊತ್ತಾದ ದಿನವೇ ನನ್ನ ಹೆಂಡತಿ ಅಡುಗೆಗೆ ಉಪ್ಪು ಹಾಕುವುದನ್ನು ಬಿಟ್ಟಳು. ಎರಡು ತಿಂಗಳು ಆ ಸಪ್ಪೆ ಪಲ್ಯ ಉಂಡರೂ ಒತ್ತಡ ಇಳಿಯಲೊಲ್ಲದು. ಎದೆಯಲ್ಲೇ ಏನೋ ಕೆಟ್ಟಿರಬೇಕೆಂದು ಹೆದರಿ, ಇಬ್ಬರೂ ದೇಶಪಾಂಡೆ ನಗರದ ಡಾಕ್ಟರ ಹತ್ತಿರ ಹೋದೆವು.

"ಖರೇನ ಉಪ್ಪು ಬಿಟ್ಟೀರೇನ್ರಿ, ಅಕ್ಕಾರ?" ಎಂದು ಡಾಕ್ಟರು ಅವಳನ್ನೇ ಕೇಳಿದರು.

"ಒಂದ್ ಹಳ್ಳು ಸೈತ ಹಾಕಂಗಿಲ್ರಿ."

"ಮತ್ತ ಸಪ್ಪಂದು ಹೆಂಗ ಉಣ್ತಾರ ಇವ್ರು?"

"ಅದಕ್ಕೇನ್ರಿ, ಗರಗದಿಂದ ಇವರ ಅಕ್ಕ ಕಳಿಸಿದ ಕೆಂಪ ಮೆಣಸಿನಕಾಯಿ ರಂಜಕ ಐತಿ. ಅದನ್ನ ಹಚ್ಚಿಕೊಂಡು ಉಣ್ತಾರ. ಮ್ಯಾಲ ಉಪ್ಪಿನಕಾಯಿ, ಶೇಂಗಾ ಚಟ್ನಿ."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ರಂಜಕ, ಉಪ್ಪಿನಕಾಯಿ ಎಲ್ಲ ಉಪ್ಪಿನಲ್ಲೇ ಮುಳುಗಿದ್ದರೂ, ತಾಟಿನ ಅಂಚಿಗೆ ಬಡಿಸಿಕೊಳ್ಳುವುದನ್ನು ನಮ್ಮ ಮನೆಯಲ್ಲಿ ಯಾರೂ ಊಟವೆಂದು ಎಣಿಸಿದವರೇ ಅಲ್ಲ.

"ಪಲ್ಯಾಕ್ಕ ಚೂರು ಉಪ್ಪು ಹಾಕ್ರಿ. ಅಂಚಿಗೆ ಬಡಿಸೋದು ಬಿಡ್ರಿ," ಎಂದರು. ಕಾಯಿಲೆ ಎದೆಯಲ್ಲಿಲ್ಲ, ತಾಟಿನಲ್ಲಿದೆ ಎಂದು ತಿಳಿದು ಜೀವ ಹಗುರಾಯಿತು.

ಅವತ್ತು ಬದನೆಕಾಯಿ ಎಣ್ಣೆಗಾಯಿಗೆ ಉಪ್ಪು ಬಿತ್ತು. ರೊಟ್ಟಿ ಮುರಿದ ಕೈ ಮೂರು ಸಲ ಖಾಲಿ ಅಂಚಿಗೆ ಹೋಗಿ ಬಂತು. ನಾಲ್ಕನೇ ತುತ್ತಿಗೆ ಬದನೆಕಾಯಿಯದೇ ರುಚಿ ನಾಲಿಗೆಗೆ ಹತ್ತಿತು.

ಇಷ್ಟು ವರ್ಷ ಹೆಂಡತಿಯ ಅಡುಗೆಯೆಂದು ನಾನು ಹೊಗಳಿದ್ದೆಲ್ಲ ಅಕ್ಕನ ರಂಜಕವನ್ನೇ. ಅದನ್ನು ಅವಳಿಗೆ ಇನ್ನೂ ಹೇಳಿಲ್ಲ.